ಮೆರೆಯುವುದು ಬೇರೆ, ಮೆರೆಸುವುದು ಬೇರೆ

ಮಾಘ ಮಾಸ ಕಾಲಿಟ್ಟಿತೆಂದರೆ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಗೋಡೆ, ಕಂಬ, ಬಸ್ ನಿಲ್ದಾಣಗಳಲ್ಲೆಲ್ಲ ಜಾತ್ರೆಯ ಕರಪತ್ರಗಳು ಕಾಣಿಸಿಕೊಳ್ಳುತ್ತವೆ. ಊರು ಬೇರೆ, ದೇವರು ಬೇರೆ, ತೇರಿನ ಎತ್ತರ ಬೇರೆ, ಒಕ್ಕಣೆ ಮಾತ್ರ ಒಂದೇ: ರಥೋತ್ಸವ ‘ಅತ್ಯಂತ ವಿಜೃಂಭಣೆಯಿಂದ’ ಜರುಗಲಿದೆ. ಈಚೆಗೆ ಆ ಜಾಗಕ್ಕೆ ‘ಅದ್ಧೂರಿ’ ಬಂದು ಕೂತಿದೆ. ಜಾತ್ರೆಯೂ ಅದ್ಧೂರಿ, ಮದುವೆಯೂ ಅದ್ಧೂರಿ, ನಾಯಕರ ಹುಟ್ಟುಹಬ್ಬವೂ ಅದ್ಧೂರಿ, ಸಿನಿಮಾ ಬಿಡುಗಡೆಯೂ ಅದ್ಧೂರಿ. ಊರೆಲ್ಲ ಸೇರಿ ಹಗ್ಗ ಹಿಡಿದು ಎಳೆದ ತೇರಿಗೂ, ಒಬ್ಬಾತ ಸಾಲ ಮಾಡಿ ಹಾಕಿಸಿದ ಮಂಟಪಕ್ಕೂ ಒಂದೇ ಮಾತು. ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಯಾಕೆಂದರೆ ಈ ಎರಡನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುವ ವಿವೇಕ ನಮ್ಮ ಭಾಷೆಗೆ ಮೊದಲಿನಿಂದಲೂ ಇತ್ತು, ಈಗಲೂ ಇದೆ.

ವೈಭವ, ವಿಜೃಂಭಣೆ, ಸಂಭ್ರಮ, ಸಡಗರ, ಆಡಂಬರ, ಠೀವಿ, ಡೌಲು, ದೌಲತ್ತು, ಬಡಿವಾರ, ಶೋಕಿ, ದರ್ಬಾರು, ಭರ್ಜರಿ. ನಿಘಂಟಿನಲ್ಲಿ ಇವೆಲ್ಲ ಅಕ್ಕಪಕ್ಕದ ಅರ್ಥ ಹೊತ್ತು ಕೂತಿರಬಹುದು. ಬಾಯಿಮಾತಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿ, ನಾಲಗೆ ಒಪ್ಪುವುದಿಲ್ಲ. ಕೊಟ್ಟೂರೇಶ್ವರನಿಗೆ ವೈಭವ ಉಂಟು, ದೌಲತ್ತು ಇಲ್ಲ. ಹಬ್ಬದ ಮನೆಯಲ್ಲಿ ಸಡಗರ ಇರುತ್ತದೆ, ಡೌಲು ಇರುವುದಿಲ್ಲ. ಠೀವಿ ನಡಿಗೆಯಲ್ಲಿ ಕಾಣುವಂಥದ್ದು, ಅದಕ್ಕೆ ದುಡ್ಡು ಬೇಕಿಲ್ಲ. ಹೆಗಲ ಮೇಲೊಂದು ಕಂಬಳಿ ಹಾಕಿಕೊಂಡು ಕುರಿಯ ಹಿಂದೆ ನಡೆಯುವ ಮುದುಕನಿಗೂ ಠೀವಿ ಇದ್ದೀತು. ಬಡಿವಾರಕ್ಕೆ ನೋಡುವವರು ಬೇಕೇ ಬೇಕು, ಒಂಟಿಯಾಗಿ ಬಡಿವಾರ ಮಾಡಲು ಯಾರಿಂದಲೂ ಆಗದು.

ಇವುಗಳ ಹುಟ್ಟನ್ನು ಹುಡುಕುತ್ತ ಹೋದರೆ ಒಂದು ಸೋಜಿಗ ಎದುರಾಗುತ್ತದೆ. ಇವತ್ತು ವೈಭವವೆಂದರೆ ಕಣ್ಣಿಗೆ ಕಾಣುವ ಬೆಳಕು, ಬಣ್ಣ, ಅಲಂಕಾರ ಎಂದುಕೊಂಡಿದ್ದೇವೆ. ಆದರೆ ಹಳಬರಿಗೆ ಅದು ಮೊದಲು ಕಿವಿಗೆ ಬೀಳುತ್ತಿತ್ತು. ಆಡಂಬರ ಎಂದರೆ ಸಂಸ್ಕೃತದಲ್ಲಿ ಮೂಲತಃ ಒಂದು ಭೇರಿ, ಯುದ್ಧದ ನಗಾರಿ. ಆಮೇಲೆ ಅದರ ಮೊಳಗು, ಆನೆಗಳ ಘೀಳು, ಕೊನೆಗೆ ಸದ್ದುಗದ್ದಲದ ತೋರಿಕೆ. ಓಲಗ ಎಂದರೆ ಅರಸನ ಸೇವೆ, ಅರಸನ ಸಭೆ. ಸಭೆ ಬಹಿರಂಗವಾಗಿ ನೆರೆದಾಗ ಅದು ಒಡ್ಡೋಲಗ. ಸಭೆಯಲ್ಲಿ ಊದುತ್ತಿದ್ದ ವಾದ್ಯಕ್ಕೂ ಅದೇ ಹೆಸರು ಅಂಟಿಕೊಂಡು, ಅರಸರೆಲ್ಲ ಹೋದ ಮೇಲೆ ವಾದ್ಯವೊಂದೇ ಉಳಿಯಿತು. ಇಂದು ಮದುವೆ ಮನೆಯಲ್ಲಿ ‘ವಾಲಗದವರು ಬಂದ್ರಾ?’ ಎಂದು ಕೇಳುವವರ ಬಾಯಲ್ಲಿ ಒಂದು ಇಡೀ ರಾಜಸಭೆ ಅಡಗಿ ಕೂತಿರುತ್ತದೆ.

ವಿಜೃಂಭಣೆಯದು ಇನ್ನೂ ಚೆಂದ. ಜೃಂಭಣ ಎಂದರೆ ಆಕಳಿಕೆ, ಬಾಯಿ ತೆರೆಯುವುದು. ಮೊಗ್ಗು ಬಾಯಿ ತೆರೆದರೂ ಅದೇ ಕ್ರಿಯೆ. ಅಲ್ಲಿಂದ ಅರಳುವುದು, ಹರಡುವುದು, ಉಕ್ಕುವುದು ಎಂಬ ಅರ್ಥಗಳು ಬಂದವು. ಸಂಭ್ರಮದ ಒಳಗೆ ತಿರುಗಾಟವಿದೆ. ಭ್ರಮಣ, ಭ್ರಮೆಗಳ ಒಡಹುಟ್ಟು ಅದು. ಜಾತ್ರೆಯ ದಿನ ಮನೆಯ ಹೆಂಗಸರು ಅಡುಗೆಮನೆಗೂ ಅಂಗಳಕ್ಕೂ ನೂರು ಸಲ ಓಡಾಡುವುದಿದೆಯಲ್ಲ, ಸಂಭ್ರಮದ ಮೂಲ ಅರ್ಥಕ್ಕೆ ಅದಕ್ಕಿಂತ ಹತ್ತಿರದ್ದು ಬೇರೆ ಇಲ್ಲ.

ಸದ್ದಿಗೂ ಅಧಿಕಾರಕ್ಕೂ ಇದ್ದ ನಂಟನ್ನು ನಮ್ಮ ಶಾಸನಗಳು ಚೆನ್ನಾಗಿ ಹೇಳುತ್ತವೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ನೊಳಂಬವಾಡಿಯನ್ನು ಆಳುತ್ತಿದ್ದ ಪಾಂಡ್ಯರ ನೆಲೆ. ಅಂಥ ಮಹಾಮಂಡಳೇಶ್ವರರ ಪ್ರಶಸ್ತಿ ಸಾಮಾನ್ಯವಾಗಿ ‘ಸಮಧಿಗತ ಪಂಚಮಹಾಶಬ್ದ’ ಎಂದೇ ಶುರುವಾಗುತ್ತದೆ. ಐದು ಬಗೆಯ ವಾದ್ಯಗಳನ್ನು ತನ್ನ ಮುಂದೆ ಮೊಳಗಿಸಿಕೊಳ್ಳುವ ಹಕ್ಕು ಪಡೆದವನು ಎಂದರ್ಥ. ಇಲ್ಲಿ ಗಮನಿಸಬೇಕಾದದ್ದು ‘ಪಡೆದವನು’ ಎಂಬುದನ್ನು. ಕಹಳೆ, ಭೇರಿ, ಶಂಖ ಕೊಂಡು ತರುವಷ್ಟು ಹೊನ್ನು ಎಷ್ಟೋ ಜನರ ಬಳಿ ಇದ್ದಿರಬಹುದು. ಆದರೆ ಮೊಳಗಿಸಿಕೊಳ್ಳಬೇಕಾದರೆ ಮೇಲಿನವರು ಕೊಡಬೇಕಿತ್ತು. ಬಿರುದಿನ ಕತೆಯೂ ಹೀಗೆಯೇ, ಅದು ಒಂದು ಕೆಲಸಕ್ಕೆ ಕಟ್ಟಿದ್ದು. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಇದೇ ಉಚ್ಚಂಗಿಯ ಬೆಟ್ಟದ ಕೋಟೆಯನ್ನು ಶನಿವಾರ ಗೆದ್ದ, ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬ ಬಿರುದುಗಳು ಅವನ ಹೆಸರಿಗೆ ಸೇರಿದವು. ಬಿರುದಿನಲ್ಲಿ ವಾರದ ಹೆಸರು ಸಮೇತ ದಾಖಲಾಗಿದೆ! ಇವತ್ತಿನ ಫ್ಲೆಕ್ಸುಗಳಲ್ಲಿ ಹೆಸರಿನ ಮುಂದೆ ಸಾಲುಸಾಲು ಬಿರುದು ಹಾಕಿಕೊಳ್ಳುವವರು ಆ ಶನಿವಾರವನ್ನು ಒಮ್ಮೆ ನೆನೆಯಬೇಕು.

ಸತ್ತಿಗೆಯ ವಿಷಯವೂ ಇಷ್ಟೇ ಕಟ್ಟುನಿಟ್ಟು. ಬೆಳ್ಗೊಡೆ, ಅಂದರೆ ಬಿಳಿಯ ಕೊಡೆ, ಅರಸುತನದ ಗುರುತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆಯನ್ನು ಮಳೆಯಿಲ್ಲದಾಗ, ಬಿಸಿಲಿಲ್ಲದಾಗ ಕೊಡೆ ಹಿಡಿದವನ ಪೆದ್ದುತನ ಎಂದಷ್ಟೇ ಓದುತ್ತೇವೆ. ಆ ಕೊಡೆ ಅರಸನ ಸತ್ತಿಗೆ ಎಂದು ಗೊತ್ತಾದಾಗ ಗಾದೆಯ ಮೊನೆ ಚುರುಕಾಗುತ್ತದೆ. ತನಗೆ ಯಾರೂ ಕೊಡದ ಮರ್ಯಾದೆಯನ್ನು ಆತ ತಾನೇ ಎತ್ತಿ ಹಿಡಿದುಕೊಂಡಿದ್ದಾನೆ, ಅದೂ ನೋಡಲು ಯಾರೂ ಇಲ್ಲದ ಹೊತ್ತಿನಲ್ಲಿ.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಈ ಸೀಮೆ ಪಾಳೆಯಗಾರರ ಪಾಲಾಯಿತು. ಹರಪನಹಳ್ಳಿಯಲ್ಲಿ ದಾದಯ್ಯ ನಾಯಕನ ವಂಶ, ಕೂಡ್ಲಿಗಿಯ ಕಡೆ ಜರಿಮಲೆ, ಗುಡೇಕೋಟೆಗಳ ನಾಯಕರು. ಇವರಲ್ಲಿ ಹರಪನಹಳ್ಳಿಯ ಸೋಮಶೇಖರ ನಾಯಕರ ಹೆಸರು ಜನರ ಬಾಯಲ್ಲಿ ಇನ್ನೂ ಉಳಿದಿದೆ. ಸುತ್ತ ಬಿಜಾಪುರ, ಮೊಗಲರು, ಮರಾಠರು, ಹೈದರ್, ನಿಜಾಮ, ಒಬ್ಬರಾದ ಮೇಲೊಬ್ಬರು ಬಂದು ಪೊಗದಿ ಕೇಳಿದರು. ಕಪ್ಪ ಕಾಣಿಕೆಯ ಜೊತೆಗೆ ಮಾತುಗಳೂ ಹೋಗಿ ಬಂದವು. ಪಾರಸಿಯಿಂದ ದರ್ಬಾರು, ಅರಬ್ಬಿಯ ಮೂಲದಿಂದ ದೌಲತ್ತು, ಶೋಕಿ, ದಿಮಾಕು. ಮರಾಠಿಯಿಂದ ಡೌಲು, ಭರ್ಜರಿ. ಭರ್ಜರಿ ಎಂದರೆ ಜರಿ ತುಂಬಿದ್ದು, ಚಿನ್ನದ ಎಳೆ ಹಾಯಿಸಿ ನೇಯ್ದ ಬಟ್ಟೆ. ಈಗ ನಾವು ಭರ್ಜರಿ ಮಳೆ, ಭರ್ಜರಿ ಊಟ ಎನ್ನುವಾಗ ಮರಾಠಾ ಸರದಾರರ ಶಾಲಿನ ಸೆರಗು ಅದರ ಹಿಂದೆ ಹಾರುತ್ತಿರುತ್ತದೆ. ಈ ಹೊರಗಿನ ಮಾತುಗಳಲ್ಲಿ ಹೆಚ್ಚಿನವು ನಮ್ಮಲ್ಲಿ ಟೀಕೆಯ ಮಾತುಗಳಾದದ್ದು ಆಕಸ್ಮಿಕವಲ್ಲ ಎಂದು ನನ್ನ ಎಣಿಕೆ. ದೌಲತ್ತು ಮೂಲದಲ್ಲಿ ರಾಜ್ಯ, ಭಾಗ್ಯ ಎಂಬ ಘನವಾದ ಮಾತು. ಒಕ್ಕಲು ಮಗನ ಬಾಯಿಗೆ ಬಂದಾಗ ಅದು ‘ಏನವನ ದೌಲತ್ತು!’ ಆಯಿತು. ವಸೂಲಿಗೆ ಬಂದವರನ್ನು ನೋಡಿ ನೋಡಿ ಕಲಿತ ಮಾತಲ್ಲವೇ.

1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೀಗೆ ಬಿಟ್ಟುಕೊಟ್ಟ ‘ದತ್ತ ಮಂಡಲ’ದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಪಾಳೆಯಗಾರಿಕೆಯ ಬೆನ್ನು ಮುರಿದ. ಕೋಟೆಗಳು ಖಾಲಿಯಾದವು. ಹಾಗಾದರೆ ಸತ್ತಿಗೆ, ಚಾಮರ, ಪಲ್ಲಕ್ಕಿ, ಕಹಳೆ ಎಲ್ಲಿ ಹೋದವು? ಗುಡಿಯಲ್ಲಿ ಉಳಿದವು. ಪೂಜೆಯ ಕೊನೆಗೆ ಅರ್ಚಕರು ಛತ್ರ, ಚಾಮರ, ಗೀತ, ವಾದ್ಯ, ನೃತ್ಯ, ಅಶ್ವ, ಗಜ ಎಂದು ಒಂದೊಂದನ್ನೇ ಹೆಸರು ಹೇಳಿ ಅರ್ಪಿಸುವುದಕ್ಕೆ ರಾಜೋಪಚಾರ ಎಂದೇ ಹೆಸರು. ಆನೆ ಇಲ್ಲದ ಊರಿನಲ್ಲೂ ಆನೆಯ ಹೆಸರಿನಲ್ಲಿ ನಾಲ್ಕು ಅಕ್ಷತೆ ಕಾಳು ಬೀಳುತ್ತವೆ. ಅರಸರಿಲ್ಲದ ನಾಡಿನಲ್ಲಿ ಅರಸೊತ್ತಿಗೆಯ ಬೆಡಗೆಲ್ಲ ದೇವರ ಪಾಲಿಗೆ ಬಂದದ್ದರಿಂದ ಅದು ಎಲ್ಲರದೂ ಆಯಿತು.

ಇಲ್ಲಿಗೆ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಮೆರೆ ಎಂಬ ಹಳೆಯ ಕನ್ನಡ ಧಾತುವಿಗೆ ಹೊಳೆ, ಪ್ರಕಾಶಿಸು, ಎದ್ದು ಕಾಣು ಎಂಬ ಅರ್ಥ. ಮೆರವಣಿಗೆ ಹುಟ್ಟಿದ್ದು ಅದರಿಂದ. ಆ ಧಾತುವನ್ನು ನಮ್ಮ ಜನ ಎರಡು ರೀತಿಯಲ್ಲಿ ಬಳಸುತ್ತಾರೆ. ‘ದೇವ್ರನ್ನ ಮೆರೆಸಿದ್ರು’ ಎನ್ನುವಾಗ ಅದರಲ್ಲಿ ಭಕ್ತಿ ಇದೆ, ಬೆವರು ಇದೆ. ‘ಭಾಳ ಮೆರೀತಾನ’ ಎನ್ನುವಾಗ ಅದು ಬೈಗುಳ. ಹತ್ತು ಜನ ಹೆಗಲು ಕೊಟ್ಟು ಮೆರೆಸಿದರೆ ಗೌರವ, ತಾನಾಗಿ ಮೆರೆದರೆ ಸೊಕ್ಕು. ವೈಭವದ ಇಡೀ ನೀತಿಸಂಹಿತೆ ‘ಇಸು’ ಎಂಬ ಈ ಒಂದು ಪ್ರತ್ಯಯದಲ್ಲಿ ಇದೆ. ವೈಭವ, ವಿಜೃಂಭಣೆ, ಸಡಗರ, ಸಂಭ್ರಮ ಮೆರೆಸುವವರ ಕಡೆಯ ಮಾತುಗಳು. ಡೌಲು, ದೌಲತ್ತು, ಬಡಿವಾರ, ಶೋಕಿ ಮೆರೆಯುವವನ ಕಡೆಯವು. ಆಡಂಬರ ಒಂದು ಕಾಲದಲ್ಲಿ ಈಚೆ ದಡದಲ್ಲಿತ್ತು, ಈಗ ಆಚೆ ದಡ ಸೇರಿದೆ.

ಮೆರೆಸುವುದು ಅಂದರೇನೆಂದು ತಿಳಿಯಬೇಕಾದರೆ ಕೊಟ್ಟೂರಿಗೆ ಹೋಗಬೇಕು. ಮಾಘ ಬಹುಳದಲ್ಲಿ ಮೂಲಾ ನಕ್ಷತ್ರ ನೋಡಿ ಗುರು ಬಸವೇಶ್ವರನ, ಅಂದರೆ ಕೊಟ್ಟೂರೇಶ್ವರನ, ತೇರು ಎಳೆಯುತ್ತಾರೆ. ದಾವಣಗೆರೆ, ಚಿತ್ರದುರ್ಗ, ಹಾವೇರಿ ಕಡೆಯಿಂದ ಸಾವಿರಾರು ಜನ ನಡೆದೇ ಬರುತ್ತಾರೆ. ತೇರಿನ ಹಿಂದಿನ ದಿನಗಳಲ್ಲಿ ರಾತ್ರಿಯಿಡೀ ಹರಪನಹಳ್ಳಿ ರಸ್ತೆಯಲ್ಲಿ ಪಾದಯಾತ್ರಿಗಳ ಸಾಲು. ದಾರಿಯುದ್ದಕ್ಕೂ ಹಳ್ಳಿಯವರು ನೀರು, ಮಜ್ಜಿಗೆ, ಅನ್ನ, ಕಾಲಿಗೆ ತಿಕ್ಕಲು ಎಣ್ಣೆ ಇಟ್ಟುಕೊಂಡು ಕಾಯುತ್ತಾರೆ. ಆ ಎಣ್ಣೆಯ ಬಟ್ಟಲು ಯಾವ ಕರಪತ್ರದಲ್ಲೂ ಬರುವುದಿಲ್ಲ. ವಿಜೃಂಭಣೆ ಎಂಬುದಕ್ಕೆ ಅರಳುವುದು, ಹರಡುವುದು ಎಂಬ ಅರ್ಥವಿದೆಯೆಂದೆನಲ್ಲ, ಅದು ತೇರಿನ ಬೀದಿಯಲ್ಲಿ ಶುರುವಾಗುವುದಿಲ್ಲ, ಮೂರು ಜಿಲ್ಲೆಗಳಾಚೆಯ ಯಾವುದೋ ಹಟ್ಟಿಯ ಬಾಗಿಲಲ್ಲಿ ಶುರುವಾಗುತ್ತದೆ.

ತೇರಿನ ಹೊತ್ತಿಗೆ ಸಮಾಳವೆಂಬ ಚರ್ಮವಾದ್ಯದ ಪೆಟ್ಟು ಎದೆಗೆ ಬಡಿಯುತ್ತಿರುತ್ತದೆ. ನಂದಿಕೋಲು ಹೊತ್ತವನನ್ನು ಹತ್ತಿರದಿಂದ ನೋಡಬೇಕು. ಆಳೆತ್ತರಕ್ಕಿಂತ ಎಷ್ಟೋ ಮೇಲೆ ಹೋಗುವ ಕಂಬ, ಅದಕ್ಕೆ ಹಿತ್ತಾಳೆಯ ಬಿಲ್ಲೆಗಳು, ಗಂಟೆ, ರೇಷ್ಮೆಯ ವಸ್ತ್ರ. ಅಷ್ಟು ಭಾರವನ್ನು ಸೊಂಟಕ್ಕೆ ಕಟ್ಟಿದ ಪಟ್ಟಿಯ ಮೇಲೆ ನಿಲ್ಲಿಸಿಕೊಂಡು, ಒಂದು ಕ್ಷಣ ಕೈಬಿಟ್ಟು, ಸಮಾಳದ ಗತ್ತಿಗೆ ಹೆಜ್ಜೆ ಹಾಕುತ್ತಾನೆ. ನೋಡುವವರ ಕಣ್ಣು ತುದಿಯ ಅಲಂಕಾರದ ಮೇಲೆ, ಅವನ ಕಣ್ಣೂ ಅಲ್ಲಿಯೇ, ಎಲ್ಲಿ ವಾಲುತ್ತದೋ ಎಂದು. ಗಂಟೆಗಳ ಸದ್ದಿಗೆ ಅವನ ಉಸಿರಿನ ಸದ್ದು ಸೇರಿರುತ್ತದೆ.

ಸ್ವಾಮಿ ನೇರವಾಗಿ ಬಂದು ತೇರು ಹತ್ತುವುದಿಲ್ಲ. ಪಲ್ಲಕ್ಕಿಯಲ್ಲಿ ಬರುವ ಸ್ವಾಮಿಗೆ ದಲಿತ ಕೇರಿಯ ಹೆಣ್ಣುಮಕ್ಕಳು ಉಪವಾಸವಿದ್ದು ಬಂದು ಆರತಿ ಬೆಳಗಬೇಕು. ಆಮೇಲೆಯೇ ರಥಾರೋಹಣ. ನಾಡಿನ ಬಹಳಷ್ಟು ಊರುಗಳಲ್ಲಿ ಯಾರನ್ನು ತೇರಿನ ಬೀದಿಯಿಂದ ದೂರ ಇಟ್ಟಿದ್ದರೋ, ಅವರ ಕೈಯ ಬೆಳಕು ಬೀಳದೆ ಇಲ್ಲಿನ ವೈಭವ ಆರಂಭವೇ ಆಗುವುದಿಲ್ಲ. ಕೊಟ್ಟೂರಿನ ಈ ಪದ್ಧತಿ ಕಳಸಕ್ಕಿಂತ ಎತ್ತರದ್ದು ಎಂದು ನಾನು ನಂಬಿದ್ದೇನೆ.

ಆಮೇಲೆ ತೇರು ಅಲುಗುತ್ತದೆ. ಬಾಳೆಹಣ್ಣು, ಉತ್ತತ್ತಿ ತೂರಿ ಬರುತ್ತವೆ. ಎಲ್ಲರಿಗೂ ಮೇಲಿನ ಕಳಸ, ಪತಾಕೆ ಕಾಣುತ್ತವೆ. ಕೆಳಗೆ ಗಾಲಿಯ ಪಕ್ಕ ಬಗ್ಗಿ ನಡೆಯುತ್ತ ಸನ್ನೆ ಹಾಕುವವರು ಕಾಣುವುದಿಲ್ಲ. ತೇರು ಯಾವ ಕಡೆ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವರು ಸರಿಯಾದ ಗಳಿಗೆಯಲ್ಲಿ ಗಾಲಿಗೆ ಕೊಡುವ ಮರದ ತುಂಡಿನಲ್ಲಿದೆ. 2017ರ ಫೆಬ್ರುವರಿ 21ರಂದು ಇದೇ ಕೊಟ್ಟೂರಿನ ತೇರು ಜನಸಾಗರದ ನಡುವೆ ಉರುಳಿ ಬಿತ್ತು, ಹಲವರು ಗಾಯಗೊಂಡರು. ಆ ದೃಶ್ಯ ಕಂಡವರ ಎದೆ ಇನ್ನೂ ನಡುಗುತ್ತದೆ. ಊರವರು ಮತ್ತೆ ಸೇರಿ ಹೊಸ ತೇರು ಕಟ್ಟಿ ನಿಲ್ಲಿಸಿದರು. ಎತ್ತರಕ್ಕೆ ಕಟ್ಟುವುದು ವೈಭವದ ಒಂದು ಭಾಗ ಮಾತ್ರ, ಅಚ್ಚು, ಗಾಲಿ, ಸನ್ನೆಗಳನ್ನು ಕಾಯುವುದೇ ದೊಡ್ಡ ಭಾಗ ಎಂದು ಅಂದು ಇಡೀ ಸೀಮೆಗೆ ಗೊತ್ತಾಯಿತು.

ಕೊಟ್ಟೂರಿನದು ಸದ್ದಿನ ವೈಭವವಾದರೆ ಹಡಗಲಿ ತಾಲ್ಲೂಕಿನ ಮೈಲಾರದ್ದು ಮೌನದ ವೈಭವ. ಭರತ ಹುಣ್ಣಿಮೆಯ ಜಾತ್ರೆಗೆ ತುಂಗಭದ್ರೆಯ ದಂಡೆಯಲ್ಲಿ ಲಕ್ಷಗಟ್ಟಲೆ ಜನ. ಸಿಂಗರಿಸಿದ ಎತ್ತಿನ ಬಂಡಿಗಳು, ಮೈಲಾರಲಿಂಗನ ಸೇವಕರಾದ ಗೊರವಯ್ಯನವರ ಡಮರು, ಭಂಡಾರದ ಹಳದಿ, ‘ಏಳು ಕೋಟಿ’ ಎಂಬ ಉದ್ಘೋಷ. ಗೊರವಯ್ಯನ ವೇಷದಲ್ಲಿ ರೇಷ್ಮೆಯೂ ಇಲ್ಲ, ಜರಿಯೂ ಇಲ್ಲ. ಮೈಮೇಲೆ ಕರಿಯ ಕಂಬಳಿ, ತಲೆಗೆ ಕರಡಿ ಕೂದಲಿನ ಟೊಪ್ಪಿಗೆ. ಡೆಂಕನಮರಡಿಯಲ್ಲಿ ಕಾರ್ಣಿಕ, ಅಂದರೆ ಭವಿಷ್ಯವಾಣಿ, ನುಡಿಯುವ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟೇ. ಅಷ್ಟು ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಆ ವರ್ಷದ ಮಳೆ ಬೆಳೆಯ ಸೂಚನೆ ಎಂದು ರೈತರು ನಂಬುವ ಒಂದೇ ಒಂದು ಸಾಲು ಹೊರಬೀಳುತ್ತದೆ, ನುಡಿದವನು ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ. ಪಂಚಮಹಾಶಬ್ದದ ಹಕ್ಕು ಪಡೆದ ಯಾವ ಮಹಾಮಂಡಳೇಶ್ವರನಿಗೂ ಅಷ್ಟು ಜನರನ್ನು ಒಂದು ಮಾತಿನಿಂದ ಸುಮ್ಮನಾಗಿಸಲು ಆಗುತ್ತಿತ್ತೋ ಇಲ್ಲವೋ. ಮೈಲಾರಲಿಂಗನ ನೆತ್ತಿಯ ಮೇಲೆ ಹೆಲಿಕಾಪ್ಟರು ಹಾರಬಾರದೆಂಬ ನಂಬಿಕೆಯೂ ಇಲ್ಲಿ ಬಲವಾಗಿದೆ. ದೇವರಿಗಿಂತ ಮೇಲೆ ಯಾರೂ ಮೆರೆಯಬಾರದು ಎಂಬ ಹಳೆಯ ನೇಮವನ್ನು ಜನ ಹೊಸ ಕಾಲದ ವಾಹನಕ್ಕೂ ಅನ್ವಯಿಸಿದ್ದಾರೆ.

ಹೂವಿನಹಡಗಲಿ ಎಂಬ ಹಡಗಲಿಯ ಪೂರ್ತಿ ಹೆಸರಿನಲ್ಲೇ ಹೂವಿದೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿನ ಹೂವು ತುಂಗಭದ್ರೆಯ ಮೇಲೆ ಹಂಪಿಗೆ ಹೋಗುತ್ತಿತ್ತು ಎಂಬುದು ಊರಿನ ಜನ ಹೆಮ್ಮೆಯಿಂದ ಹೇಳುವ ಕತೆ. ಹಡಗಲಿ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಹಂಪಿಗೆ ಮತ್ತೊಮ್ಮೆ ವೈಭವ ಕಳಿಸಿದ ಊರೂ ಇದೇ. ಹಡಗಲಿಯ ಎಂ.ಪಿ. ಪ್ರಕಾಶ್ (1940–2011) ರಂಗಭಾರತಿ ಸಂಸ್ಥೆಯ ಮೂಲಕ ನಾಟಕ ಕಟ್ಟಿದವರು, ಸಚಿವರಾಗಿ ಹಂಪಿ ಉತ್ಸವಕ್ಕೆ ರೂಪ ಕೊಟ್ಟವರು. ಪಾಳು ಬಿದ್ದ ಕಲ್ಲುಗಳ ನಡುವೆ ಉತ್ಸವವೆಂದರೆ ಜನ ಬಂದು ಹಾಡಬೇಕು, ಕುಣಿಯಬೇಕು, ನಾಟಕ ಆಡಬೇಕು ಎಂಬುದು ರಂಗಭೂಮಿಯ ಮನುಷ್ಯನಿಗೆ ಹೊಳೆಯುವಂಥ ಮಾತು. ಇಂದಿನ ಸರ್ಕಾರಿ ಉತ್ಸವಗಳ ವೇದಿಕೆಯಲ್ಲಿ ಸ್ಥಳೀಯ ಕಲಾವಿದರಿಗೆ ಸಿಗುವ ಹೊತ್ತು ಎಷ್ಟು ಎಂದು ನೋಡಿದಾಗ, ಆ ಮೊದಲ ಆಶಯ ಎಷ್ಟು ಉಳಿದಿದೆ ಎಂಬ ಸಂಕಟವಾಗುತ್ತದೆ.

ಇದೇ ಸೀಮೆಯ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿರುವ ತೃತೀಯಲಿಂಗಿ ಜನಪದ ಕಲಾವಿದೆ ಮಂಜಮ್ಮ ಜೋಗತಿ 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದರು. ರತ್ನಗಂಬಳಿ, ಅಂಗರಕ್ಷಕರು, ಅಳೆದಿಟ್ಟ ಹೆಜ್ಜೆ, ದೇಶದಲ್ಲೇ ಅತ್ಯಂತ ಕಟ್ಟುನಿಟ್ಟಿನ ವೈಭವ ಅಲ್ಲಿಯದು. ಮಂಜಮ್ಮ ರಾಷ್ಟ್ರಪತಿಗಳ ಮುಂದೆ ನಿಂತು ಸೆರಗು ಹಿಡಿದು ದೃಷ್ಟಿ ತೆಗೆದರು. ಸಭೆ ಚಪ್ಪಾಳೆ ತಟ್ಟಿತು. ಚಂದ ಹೆಚ್ಚಾದಲ್ಲಿ ಕಣ್ಣು ತಾಗುತ್ತದೆ, ಅದನ್ನು ನೀವಾಳಿಸಿ ತೆಗೆಯಬೇಕು ಎಂಬುದು ನಮ್ಮ ಜೋಗತಿಯರು ಮನೆಮನೆಯ ಬಾಗಿಲಲ್ಲಿ ಮಾಡುವ ಕೆಲಸ. ಅದನ್ನೇ ಅವರು ದೆಹಲಿಯಲ್ಲಿ ಮಾಡಿದರು. ಬದುಕಿಡೀ ಅವಮಾನ ಉಂಡ ಜೀವ ಅಂದು ಮೆರೆಯಲಿಲ್ಲ. ನಾಡು ಅವರನ್ನು ಮೆರೆಸಿತು, ಅವರು ಹರಸಿದರು.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಸ್ಮಾರಕವಿದೆ. ವೈಭವದ ಮಾತಾಡುವವರು ಒಮ್ಮೆ ಅಲ್ಲಿಗೂ ಹೋಗಿ ಬರಬೇಕು. ಹಿಡಿ ಬೂದಿಗೆ ಜನ ತಾವಾಗಿ ಕೊಟ್ಟ ಗೌರವ ಅದು.

ಈಗ ನಮ್ಮ ಊರುಗಳಲ್ಲಿ ನಡೆಯುತ್ತಿರುವುದೇನು? ತೇರಿನ ಬೀದಿಯಲ್ಲಿ ತೇರಿಗಿಂತ ಎತ್ತರದ ಫ್ಲೆಕ್ಸು. ಅದರಲ್ಲಿ ದೇವರು ಮೂಲೆಯ ಅಂಚೆಚೀಟಿಯಷ್ಟು, ಶುಭ ಕೋರುವವರ ಮುಖ ಗಾಲಿಯಷ್ಟು. ಸಮಾಳದ ಸದ್ದನ್ನು ಡಿಜೆ ನುಂಗುತ್ತಿದೆ. ಮದುವೆಯ ಖರ್ಚಿಗೆ ಎರಡೆಕರೆ ಹೊಲ ಮಾರಿದ ಕುಟುಂಬಗಳು ಯಾವ ಹಳ್ಳಿಯಲ್ಲಿಲ್ಲ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಗಾದೆ ಕಟ್ಟಿದ ಜನ ನಾವು. ಆ ಗಾದೆ ಹೇಳಿ ತಡೆಯುತ್ತಿದ್ದ ಹಿರಿಯರ ಬಾಯಿ ಕಟ್ಟಿದ್ದು ‘ಅದ್ಧೂರಿ’ ಎಂಬ ಈ ಬಣ್ಣಗೆಟ್ಟ ಮಾತು. ಬಡಿವಾರ ಎಂದಿದ್ದರೆ ಮಗ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದ. ಅದ್ಧೂರಿ ಎಂದಾಗ ನಿಲ್ಲುವ ಕಾರಣವೇ ಇಲ್ಲ, ಅದರಲ್ಲಿ ಹೊಗಳಿಕೆಯಷ್ಟೇ ಇದೆ.

ಜಾತ್ರೆಯ ಕರಪತ್ರ ಬರೆಯುವ ಸಮಿತಿಯವರಲ್ಲಿ, ಸುದ್ದಿ ಬರೆಯುವ ಪತ್ರಕರ್ತ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಈ ವರ್ಷ ‘ಅದ್ಧೂರಿ’ಯನ್ನು ಬಿಟ್ಟು ಬರೆದು ನೋಡಿ. ತೇರಿಗೆ ವೈಭವ ಎನ್ನಿ, ಜನಕ್ಕೆ ಸಡಗರ ಎನ್ನಿ, ಎಲ್ಲಿ ಬಡಿವಾರ ಕಂಡಿತೋ ಅಲ್ಲಿ ಬಡಿವಾರ ಎಂದೇ ಬರೆಯಿರಿ. ದಾನಿಗಳ ಪಟ್ಟಿ ಅಚ್ಚಾಗುವ ಪುಟದಲ್ಲಿಯೇ ಸನ್ನೆ ಹಾಕುವವರ, ನಂದಿಕೋಲು ಹೊರುವವರ, ಸಮಾಳ ಬಾರಿಸುವವರ, ಆರತಿ ಬೆಳಗುವ ಹೆಣ್ಣುಮಕ್ಕಳ ಹೆಸರುಗಳೂ ಅಚ್ಚಾಗಲಿ.